ಡಿಸ್ಕೌಂಟ್ ನಮ್ಮ ಫೋನಿಗೆ, ಬಾಕ್ಸ್ ಅಮ್ಮನ ಬಾಗಿಲಿಗೆ

1/10

ದಸರಾ ಹತ್ತಿರ ಬಂದ ಹಾಗೆ ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ ನೋಟ್ಸ್ ಬರೋದು ನಿಂತು ಲಿಂಕ್ ಬರೋಕೆ ಶುರುವಾಗುತ್ತೆ. "ಮಗಾ, ಫ್ರಿಡ್ಜ್ ಅರ್ಧ ರೇಟು." "ಗುರೂ, ವಾಷಿಂಗ್ ಮಷೀನ್ ನೋಡೋ, ಇವತ್ತು ರಾತ್ರಿ 12ಕ್ಕೆ ಮುಗಿಯುತ್ತಂತೆ." ಇಂಟರ್ನ್‌ಶಿಪ್ ದುಡ್ಡು ಕೈಗೆ ಬಂದವರು, ಮೊದಲ ಸಂಬಳ ಎಣಿಸ್ತಿರೋ ಸೀನಿಯರ್‌ಗಳು, ಎಲ್ಲರಿಗೂ ಒಂದೇ ಆಸೆ: ಊರಲ್ಲಿರೋ ಅಮ್ಮನಿಗೆ ಏನಾದ್ರೂ ದೊಡ್ಡದು ಕಳಿಸಬೇಕು. ಒಳ್ಳೇ ಆಸೆ. ಅದರ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರೋದು ಬೇರೆ ಕಡೆ. ನಾವು ಆರ್ಡರ್ ಹಾಕೋದು ಬೆಂಗಳೂರಿನ ಪಿಜಿಯಲ್ಲಿ ಮಂಚದ ಮೇಲೆ ಮಲಗಿಕೊಂಡು. ಬಾಕ್ಸ್ ಇಳಿಯೋದು ಹರಪನಹಳ್ಳಿಯಲ್ಲಿ, ಶಿರಾದಲ್ಲಿ, ಕೆ.ಆರ್. ಪೇಟೆಯಲ್ಲಿ. ಇಷ್ಟು ಸಾವಿರ ಉಳೀತು ಅನ್ನೋ ಖುಷಿ ನಮ್ಮದು. ಒಟಿಪಿ ಹುಡುಕೋದು, ಬಾಕ್ಸ್ ಇಳಿಸೋಕೆ ಪಕ್ಕದ ಮನೆ ಹುಡುಗನ್ನ ಕರೆಯೋದು, ಟೆಕ್ನಿಷಿಯನ್ ಬರ್ತಾನೆ ಅಂತ ಮೂರು ದಿನ ಮನೆ ಬಿಟ್ಟು ಕದಲದೆ ಕೂರೋದು, ಕಸ್ಟಮರ್ ಕೇರ್‌ನವರು ಹಿಂದಿಯಲ್ಲಿ ಶುರು ಮಾಡಿದಾಗ ಫೋನ್ ಹಿಡ್ಕೊಂಡು ಸುಮ್ಮನಾಗೋದು, ಇವೆಲ್ಲ ಅಮ್ಮನ ಪಾಲು.

ಹಾಗಾಗಿ ನಾನು ಹೇಳೋದು ಇಷ್ಟು. ಫ್ರಿಡ್ಜ್, ವಾಷಿಂಗ್ ಮಷೀನ್, ಟಿವಿ, ಎಸಿ ಇಂಥ ದೊಡ್ಡ ಸಾಮಾನು ತಗೊಳ್ಳೋವಾಗ ರೇಟ್ ನೋಡೋ ಮುಂಚೆ ಬೇರೇನೋ ನೋಡಬೇಕು. ಕೆಟ್ಟರೆ ಯಾರು ಬರ್ತಾರೆ? ಎಷ್ಟು ದೂರದಿಂದ ಬರ್ತಾರೆ? ಅವರು ಬಂದಾಗ ಮನೇಲಿ ಯಾರಿರ್ತಾರೆ? ಈ ಮೂರಕ್ಕೆ ಉತ್ತರ ಗೊತ್ತಿಲ್ಲದೆ ಉಳಿಸಿದ ಎರಡು ಸಾವಿರ ಉಳಿತಾಯವೇ ಅಲ್ಲ ಅಂತ ನನ್ನ ವಾದ. ಒಪ್ಪಲ್ಲ ಅಂದ್ರೆ ಕೊನೇ ಪೋಸ್ಟ್‌ವರೆಗೂ ಓದಿ ಆಮೇಲೆ ಕಾಮೆಂಟ್‌ನಲ್ಲಿ ಜಗಳಕ್ಕೆ ಬನ್ನಿ.

2/10

ಮೊದಲು ಆ "ಅರ್ಧ ರೇಟು" ಅನ್ನೋದನ್ನ ಬಿಚ್ಚೋಣ.

ಎಂಆರ್‌ಪಿ ಅಂದ್ರೆ ಗರಿಷ್ಠ ಚಿಲ್ಲರೆ ಬೆಲೆ, ಎಲ್ಲ ತೆರಿಗೆ ಸೇರಿಸಿ. ಫ್ರಿಡ್ಜ್, ಟಿವಿಗಳಿಗೆ ಅದನ್ನ ಬರೆಯೋದು ಕಂಪನಿಯೇ. ಅದು ಎಷ್ಟು ಎತ್ತರ ಇರಬಹುದು ಅಂತ ಯಾರೂ ಗೆರೆ ಎಳೆದಿಲ್ಲ. ಬಾಕ್ಸ್ ಮೇಲೆ 40,000 ಅಂತ ಅಚ್ಚು ಹಾಕಿ ವರ್ಷಪೂರ್ತಿ 24,000ಕ್ಕೆ ಮಾರಿದ್ರೂ ಸ್ಕ್ರೀನ್ ಮೇಲೆ "40% ಆಫ್" ಅಂತ ಬರುತ್ತೆ, ಸುಳ್ಳೂ ಅಲ್ಲ. ಆದ್ದರಿಂದ ಪರ್ಸೆಂಟ್ ನೋಡಲೇಬೇಡಿ. ಆ ಮಾಡೆಲ್ ನಂಬರ್ ಕಾಪಿ ಮಾಡಿ, ಹೋದ ತಿಂಗಳು ಎಷ್ಟಿತ್ತು, ನಿಮ್ಮೂರಿನ ಅಂಗಡಿಯಲ್ಲಿ ಇವತ್ತು ಎಷ್ಟಿದೆ, ಅಷ್ಟೇ ನೋಡಿ. ಮಾಡೆಲ್ ನಂಬರ್ ಪೂರ್ತಿ ನೋಡಿ, ಕೊನೇ ಎರಡು ಅಕ್ಷರ ಸೇರಿಸಿ. ಒಂದಕ್ಷರ ಬದಲಾದ್ರೆ ಒಳಗಿನ ಕಂಪ್ರೆಸರ್ರೋ, ತಯಾರಾದ ವರ್ಷವೋ ಬದಲಾಗಿರಬಹುದು.

ಇನ್ನೊಂದು ತಮಾಷೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳೀತಲ್ಲ, ಆಮೇಲೆ ಎಷ್ಟೋ ಅಂಗಡಿ ಮುಂದೆ "ಜಿಎಸ್‌ಟಿ ಇಳಿಕೆ ಉತ್ಸವ" ಅಂತ ಬ್ಯಾನರ್. ಆಗ 28%ನಿಂದ 18%ಗೆ ಇಳಿದದ್ದು ಎಸಿ, 32 ಇಂಚಿಗಿಂತ ದೊಡ್ಡ ಟಿವಿ ಮತ್ತೆ ಪಾತ್ರೆ ತೊಳೆಯೋ ಮಷೀನ್. ಫ್ರಿಡ್ಜ್, ವಾಷಿಂಗ್ ಮಷೀನ್‌ಗೆ 2018ರ ಜುಲೈನಿಂದಲೇ 18% ಇತ್ತು. 32 ಇಂಚಿನ ಟಿವಿಗೂ ಆಗಲೇ 18% ಇತ್ತು. ಅಂದ್ರೆ ಜಿಎಸ್‌ಟಿ ಹೆಸರಲ್ಲಿ ಫ್ರಿಡ್ಜ್ ಮೇಲೆ ಯಾರಾದ್ರೂ ಉಪಕಾರ ಮಾಡಿದ ಹಾಗೆ ಮಾತಾಡಿದ್ರೆ ನಕ್ಕು ಮುಂದೆ ಹೋಗಿ.

ಆಷಾಢದ ಸೇಲ್ ಬಗ್ಗೆ ನನಗೆ ಸ್ವಲ್ಪ ಗೌರವ ಇದೆ. ಆ ತಿಂಗಳು ನಮ್ಮ ಕಡೆ ಶುಭಕಾರ್ಯ ಇಲ್ಲ, ಅಂಗಡಿಗೆ ಜನ ಇಲ್ಲ, ಹಾಗಾಗಿ ಅಂಗಡಿಯವರು ನಿಜವಾಗ್ಲೂ ಮಾತಿಗೆ ಬಗ್ತಾರೆ. ದಸರಾ, ದೀಪಾವಳಿಯಲ್ಲಿ ಜನ ಹೇಗೂ ಬರ್ತಾರೆ. ಆಗ ಬಗ್ಗೋದು ನಾವು. ಜೊತೆಗೆ ಡೆಲಿವರಿಯವರಿಗೂ ಆಗಲೇ ತಲೆ ಮೇಲೆ ಲೋಡು.

3/10

ಇದನ್ನ ಬೇಗ ಮುಗಿಸ್ತೀನಿ, ದುಡ್ಡಿನ ಲೆಕ್ಕ ಬೋರ್ ಹೊಡೆಸುತ್ತೆ ಅಂತ ಗೊತ್ತು.

"ನೋ ಕಾಸ್ಟ್ ಇಎಂಐ" ಅನ್ನೋದರಲ್ಲಿ ಬಡ್ಡಿ ಇರುತ್ತೆ. ಸಾಮಾನ್ಯವಾಗಿ ಆಗೋದು ಹೀಗೆ: ಬಡ್ಡಿಯಷ್ಟು ದುಡ್ಡನ್ನ ಮೊದಲೇ ಡಿಸ್ಕೌಂಟ್ ಅಂತ ಕಳೀತಾರೆ, ಆಮೇಲೆ ಬ್ಯಾಂಕು ಅದನ್ನ ಬಡ್ಡಿ ಅಂತ ವಾಪಸ್ ಸೇರಿಸುತ್ತೆ. ಆ ಬಡ್ಡಿ ಮೇಲೆ 18% ಜಿಎಸ್‌ಟಿ ಕಟ್ಟೋದು ನೀವು. ಬಡ್ಡಿ 2,000 ಆದ್ರೆ 360 ರೂಪಾಯಿ ಹೆಚ್ಚು, ಮೇಲೆ ಪ್ರೊಸೆಸಿಂಗ್ ಫೀ. ಸೊನ್ನೆ ಬಡ್ಡಿ ಅನ್ನೋ ಸ್ಕೀಮ್‌ಗಳಲ್ಲಿ ಬಡ್ಡಿಯನ್ನ ಬೇರೆ ಹೆಸರಲ್ಲಿ ಅಡಗಿಸ್ತಾರೆ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ದೊಡ್ಡ ಮೊತ್ತ ಅಲ್ಲ ಸರಿ. ಆದ್ರೆ "ಫ್ರೀ" ಅಂತ ಅಮ್ಮನಿಗೆ ಹೇಳ್ಬೇಡಿ.

ಆರ್ಡರ್ ಹಾಕೋ ಕೊನೇ ಪೇಜ್‌ನಲ್ಲಿ ನಿಧಾನ ಮಾಡಿ. ಕೇಳದೇ ಇರೋ ವಾರಂಟಿ ಪ್ಲಾನು ಕಾರ್ಟ್‌ನಲ್ಲಿ ಕೂತಿರುತ್ತೆ, ಬಾಕ್ಸ್‌ಗೆ ಟಿಕ್ ಬಿದ್ದಿರುತ್ತೆ. ಟಿಕ್ ತಾನಾಗೇ ಹಾಕಿಟ್ಟು ಅದನ್ನೇ ಒಪ್ಪಿಗೆ ಅಂತ ತಗೊಳ್ಳೋ ಹಾಗಿಲ್ಲ ಅಂತ 2020ರ ಇ-ಕಾಮರ್ಸ್ ನಿಯಮದಲ್ಲೇ ಇದೆ. 2023ರ ನವೆಂಬರ್ 30ರಂದು ಕೇಂದ್ರ ಸರ್ಕಾರ "ಡಾರ್ಕ್ ಪ್ಯಾಟರ್ನ್" ಅಂತ 13 ಥರದ ಮೋಸಗಳನ್ನ ಪಟ್ಟಿ ಮಾಡಿತು. ನಿಮ್ಮ ಬುಟ್ಟಿಗೆ ಮೆಲ್ಲಗೆ ಸಾಮಾನು ಹಾಕೋದು ಅದರಲ್ಲಿ ಒಂದು. "ಇನ್ನು 2 ಮಾತ್ರ ಉಳಿದಿದೆ" ಅಂತ ಸುಳ್ಳು ಗಡಿಬಿಡಿ ಹುಟ್ಟಿಸೋದು ಇನ್ನೊಂದು. ಕಾನೂನು ಇದೆ, ಆದ್ರೂ ಟೈಮರ್ ಓಡ್ತಾನೇ ಇದೆ. ಸ್ಕ್ರೀನ್‌ಶಾಟ್ ತೆಗೆದಿಡೋದು ನಮ್ಮ ಕೆಲಸ: ರೇಟು, ಡೆಲಿವರಿ ತಾರೀಖು, ವಾರಂಟಿ ಬಗ್ಗೆ ಪೇಜ್‌ನಲ್ಲಿ ಏನು ಬರೆದಿತ್ತು, ಇವು ಮೂರು.

4/10

ಗೃಹಜ್ಯೋತಿ ಬಗ್ಗೆ ಒಂದು ಮಾತು, ಇದನ್ನ ಯಾರೂ ಲಿಂಕ್ ಜೊತೆ ಕಳಿಸಲ್ಲ.

ನಿಮ್ಮ ಮನೆಗೆ ಕರೆಂಟ್ ಫ್ರೀ ಅಂದ್ರೆ ಅದು ಎಲ್ಲರಿಗೂ 200 ಯೂನಿಟ್ ಅಂತಲ್ಲ. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ರೋ ಅದರ ಮೇಲೆ 10% ಸೇರಿಸಿದಷ್ಟು, ಹೆಚ್ಚೆಂದ್ರೆ 200. ಸರಾಸರಿ 60 ಇದ್ದ ಮನೆಗೆ ಉಚಿತ 66. ಅದನ್ನ ದಾಟಿದ್ರೆ ದಾಟಿದ್ದಕ್ಕೆ ಬಿಲ್ಲು, 200 ದಾಟಿದ್ರೆ ಪೂರ್ತಿ ಬಿಲ್ಲು.

ಈಗ ಫ್ರಿಡ್ಜ್ ಬಾಗಿಲ ಮೇಲಿನ ಸ್ಟಾರ್ ಸ್ಟಿಕರ್ ನೋಡಿ. ನಕ್ಷತ್ರ ಎಣಿಸಿ ನಿಲ್ಲಿಸ್ಬೇಡಿ, ಕೆಳಗೆ ವರ್ಷಕ್ಕೆ ಇಷ್ಟು ಯೂನಿಟ್ ಅಂತ ಇರುತ್ತೆ. ಒಂದರ ಮೇಲೆ 130, ಇನ್ನೊಂದರ ಮೇಲೆ 250 ಅಂತ ಇಟ್ಕೊಳ್ಳಿ. ಮೊದಲನೇದು ತಿಂಗಳಿಗೆ ಸುಮಾರು 11, ಎರಡನೇದು ಸುಮಾರು 21. ಮೊದಲ ಸಲ ಫ್ರಿಡ್ಜ್ ಬರ್ತಿರೋ ಆ 66 ಯೂನಿಟ್ ಮನೆಯಲ್ಲಿ ಇರೋ ಜಾಗ ಬರೀ 6. ಎರಡೂ ಅದನ್ನ ದಾಟುತ್ತೆ, ಎಷ್ಟು ದಾಟುತ್ತೆ ಅನ್ನೋದೇ ಪ್ರಶ್ನೆ. ಅಷ್ಟು ವರ್ಷದಿಂದ ಸೊನ್ನೆ ಬಿಲ್ ನೋಡ್ತಿದ್ದ ಅಪ್ಪ "ಇದೇನೋ ನಿನ್ನ ಫ್ರಿಡ್ಜು" ಅಂತ ಫೋನ್ ಮಾಡೋದು ನಿಮಗೇ.

ಎಸಿ ತಗೊಳ್ಳೋರು ಇನ್ನೊಂದು ನೋಡಿ. ಸ್ಟಾರ್ ಲೆಕ್ಕ ಕೆಲವು ವರ್ಷಕ್ಕೊಮ್ಮೆ ಬಿಗಿಯಾಗುತ್ತೆ. 2022ರ ಜುಲೈನಲ್ಲಿ ಹಾಗಾದಾಗ ಹಳೇ 5 ಸ್ಟಾರ್ ಎಸಿ ಹೊಸ ಲೆಕ್ಕದಲ್ಲಿ 4 ಆಯ್ತು. ಲೇಬಲ್ ಯಾವ ಅವಧಿಗೆ ಅಂತ ಅದರ ಮೇಲೇ ಬರೆದಿರುತ್ತೆ. ಭರ್ಜರಿ ಡಿಸ್ಕೌಂಟ್‌ನ 5 ಸ್ಟಾರ್ ಕಂಡ್ರೆ ಮೊದಲು ಆ ವರ್ಷ ಓದಿ, ಗೋಡೌನ್ ಖಾಲಿ ಮಾಡ್ತಿರಬಹುದು. ಹಳೇ ಸ್ಟಾಕ್ ತಗೊಳ್ಳೋದು ತಪ್ಪಲ್ಲ. ಹಳೇದು ಅಂತ ಗೊತ್ತಿದ್ದು, ಹಳೇದರ ರೇಟಿಗೆ ತಗೊಳ್ಳಿ.

5/10

ಈಗ ಡೆಲಿವರಿ. ನನಗೆ ಸಿಟ್ಟಿರೋದೇ ಇಲ್ಲಿ.

ಹಿರಿಯೂರಿನಲ್ಲಿರೋ ನಮ್ಮ ದೊಡ್ಡಮ್ಮನಿಗೆ ಅಣ್ಣ ಹಬ್ಬದ ಸೇಲ್‌ನಲ್ಲಿ ಫ್ರಂಟ್ ಲೋಡ್ ವಾಷಿಂಗ್ ಮಷೀನ್ ಬುಕ್ ಮಾಡಿದ. ಮಧ್ಯಾಹ್ನ ಎರಡು ಗಂಟೆಗೆ ಗಾಡಿ ಬಂತು. ಹುಡುಗ ಬಾಕ್ಸ್ ಇಳಿಸಿ "ಅಮ್ಮಾ ಒಟಿಪಿ" ಅಂದ. ಒಟಿಪಿ ಹೋಗಿದ್ದು ಅಣ್ಣನ ಫೋನಿಗೆ. ಅವನು ಮೀಟಿಂಗ್‌ನಲ್ಲಿ. ಹುಡುಗನಿಗೆ ಇನ್ನೂ ಹನ್ನೊಂದು ಮನೆ ಬಾಕಿ. ಫೋನ್ ಮೇಲೆ ಫೋನ್ ಮಾಡಿ, ಒಟಿಪಿ ತಗೊಂಡು, ಅವನು ಹೊರಟ. ಬಾಕ್ಸ್ ಬಿಚ್ಚಬೇಡಿ, ಕಂಪನಿಯವರೇ ಬಂದು ಬಿಚ್ತಾರೆ ಅಂತ ಹೇಳಿ ಹೋದ. ಅದು ಸರೀನೇ.

ಕಂಪನಿಯವರು ಬಂದದ್ದು ನಾಲ್ಕನೇ ದಿನ, ಚಿತ್ರದುರ್ಗದಿಂದ, 40 ಕಿಲೋಮೀಟರ್. ಬಿಚ್ಚಿದ್ರೆ ಹಿಂದಿನ ತಗಡು ಒಳಕ್ಕೆ ಹೋಗಿದೆ, ಡ್ರಮ್ ತಿರುಗಲ್ಲ. ಟೆಕ್ನಿಷಿಯನ್ ಒಂದು ಫೋಟೋ ತೆಗೆದು "ಇದು ಸಾಗಾಣಿಕೆಯಲ್ಲಿ ಆಗಿದ್ದು, ಮಾರಿದವರನ್ನ ಕೇಳಿ" ಅಂದ. ಮಾರಿದವರನ್ನ ಕೇಳಿದ್ರೆ "ಒಟಿಪಿ ಕೊಟ್ಟಿದ್ದೀರಿ, ಸರಿಯಾಗಿ ತಲುಪಿದೆ ಅಂತ ಸಿಸ್ಟಮ್‌ನಲ್ಲಿದೆ, ಕಂಪನಿಯವರಿಂದ ಪತ್ರ ತನ್ನಿ." ಕಂಪನಿಯವರು "ಪತ್ರ ಕೊಡೋ ಪದ್ಧತಿ ಇಲ್ಲ." ಪ್ರತಿ ಸಲ ಫೋನ್ ಮಾಡಿದಾಗಲೂ ಹೊಸ ವ್ಯಕ್ತಿ, ಮೊದಲಿಂದ ಕಥೆ. ಎರಡು ಸಲ ಕಂಪ್ಲೇಂಟ್ "ಬಗೆಹರಿದಿದೆ" ಅಂತ ತಾನಾಗೇ ಕ್ಲೋಸ್ ಆಯ್ತು.

38 ದಿನ. ಅಷ್ಟು ದಿನ ಆ ಬಾಕ್ಸು ನಡುಮನೆಯಲ್ಲಿ. ದೊಡ್ಡಮ್ಮ ಅದರ ಮೇಲೆ ಒಗೆದ ಬಟ್ಟೆ ಮಡಚಿ ಇಡ್ತಿದ್ರು. ಬಟ್ಟೆ ಒಗೀತಿದ್ದದ್ದು ಮಾಮೂಲಿ ಕಲ್ಲಿನ ಮೇಲೇ, ಮೊಣಕಾಲು ನೋವಿಟ್ಟುಕೊಂಡು. ಬಂದು ಹೋದವರೆಲ್ಲ "ಮಗ ಕಳಿಸಿದ್ದಾ?" ಅಂತ ಕೇಳಿದಾಗ ಹೌದು ಅನ್ನೋರು. ಕೆಟ್ಟಿದೆ ಅಂತ ಒಬ್ಬರಿಗೂ ಹೇಳ್ಲಿಲ್ಲ. ಯಾಕೆ ದೊಡ್ಡಮ್ಮ ಅಂದ್ರೆ, "ಹುಡುಗ ಮೊದಲ ಸಲ ಕಳಿಸಿದ್ದು ಕಣೋ, ಅವನಿಗೆ ಬೇಜಾರಾಗಲ್ವಾ."

ಅಣ್ಣನಿಗೆ ಆ ಸೇಲ್‌ನಲ್ಲಿ ಉಳಿದದ್ದು 1,800 ರೂಪಾಯಿ.

6/10

ಇಲ್ಲಿ ಆ ಡೆಲಿವರಿ ಹುಡುಗನ ತಪ್ಪು ಅಂತ ನನಗೆ ಅನ್ನಿಸಲ್ಲ. ಅವನು ಬಾಕ್ಸ್ ತಯಾರಿಸಿಲ್ಲ, ಪ್ಯಾಕ್ ಮಾಡಿಲ್ಲ. ಅವನ ಮೇಲೆ ಕೂಗಾಡಿ ವಿಡಿಯೋ ಹಾಕೋರನ್ನ ಕಂಡ್ರೆ ನನಗಾಗಲ್ಲ. ಅವನ ಹೆಸರು ಗೊತ್ತಾಗುತ್ತೆ, ಮುಖ ಕಾಣುತ್ತೆ, ಅದಕ್ಕೇ ಬೈಯೋದು ಸುಲಭ. ಜವಾಬ್ದಾರಿ ಮಾರಿದವರದ್ದು.

ಆದ್ರೆ ಒಟಿಪಿ ಅಂದ್ರೆ ಏನು ಅಂತ ಮನೆಯವರಿಗೆ ಗೊತ್ತಿರಬೇಕು. ಅದು ಗೇಟ್ ಪಾಸ್ ಅಲ್ಲ, ನಿಮ್ಮ ಸಹಿ. ಹಾಗಾಗಿ ಡೆಲಿವರಿ ದಿನ ನೀವು ಫೋನ್‌ಗೆ ಸಿಗಬೇಕು. ರಜೆ ಹಾಕಿ ಅಂತಿಲ್ಲ, ಹತ್ತು ನಿಮಿಷ ವಿಡಿಯೋ ಕಾಲ್‌ಗೆ ಬನ್ನಿ. ಬಾಕ್ಸ್ ಗಾಡಿಯಿಂದ ಇಳಿಯೋ ಮುಂಚೆ ಒಂದು ವಿಡಿಯೋ, ನಾಲ್ಕೂ ಮೂಲೆ, ಟೇಪ್ ಹರಿದಿದೆಯಾ, "ಈ ಕಡೆ ಮೇಲೆ" ಅನ್ನೋ ಬಾಣ ಮೇಲೆ ಇದೆಯಾ. ಓಪನ್ ಬಾಕ್ಸ್ ಡೆಲಿವರಿ ಅಂತ ಆಯ್ಕೆ ಇದ್ರೆ ಅದನ್ನೇ ತಗೊಳ್ಳಿ, ಬಿಚ್ಚಿ ನೋಡಿದ ಮೇಲೇ ನಂಬರ್ ಹೇಳಿ. ಬಿಚ್ಚೋ ಹಾಗಿಲ್ಲ ಅಂದ್ರೆ, ಮೂಲೆ ಜಜ್ಜಿದ್ರೆ ವಾಪಸ್ ಕಳಿಸಿ. "ಒಳಗೆ ಏನೂ ಆಗಿರಲ್ಲ ಅಮ್ಮಾ" ಅನ್ನೋದಕ್ಕೆ ಅಮ್ಮ ಕರಗ್ತಾರೆ, ನೀವು ಕರಗಬೇಡಿ. ವಾಪಸ್ ಕಳಿಸೋಕೆ ಆಗದೇ ಇದ್ರೆ ಚಲನ್ ಮೇಲೆ "ಬಾಕ್ಸ್ ಜಜ್ಜಿದೆ, ಬಿಚ್ಚಿ ನೋಡಿಲ್ಲ" ಅಂತ ಕನ್ನಡದಲ್ಲೇ ಬರೆದು ಸಹಿ ಹಾಕಿ ಫೋಟೋ ತೆಗೀಲಿ. ಟಿವಿಯನ್ನಂತೂ ಕಂಪನಿಯವರು ಬರೋವರೆಗೆ ಮುಟ್ಟಬೇಡಿ. ಪ್ಯಾನೆಲ್ ಸೀಳಿದ್ರೆ ಯಾರು ಸೀಳಿದ್ದು ಅನ್ನೋ ವಾದದಲ್ಲಿ ಗೆಲ್ಲೋದು ಕಷ್ಟ.

ಟೆಕ್ನಿಷಿಯನ್ ಕಡೆಯಿಂದಲೂ ಒಂದು ಒಟಿಪಿ ಬರುತ್ತೆ, ಕೆಲಸ ಮುಗೀತು ಅನ್ನೋದಕ್ಕೆ. "ಪಾರ್ಟ್ ತರ್ತೀನಿ, ಈಗ ನಂಬರ್ ಹೇಳಿಬಿಡಿ, ಇಲ್ಲಾಂದ್ರೆ ನನಗೆ ಪ್ರಾಬ್ಲಂ" ಅಂತಾರೆ. ಹೇಳಿದ ತಕ್ಷಣ ನಿಮ್ಮ ಕಂಪ್ಲೇಂಟ್ ಮುಗಿದ ಹಾಗೆ. ಪಾಪ ಅವರಿಗೂ ಟಾರ್ಗೆಟ್ ಇರುತ್ತೆ, ಆದ್ರೂ ಕೊಡಬೇಡಿ.

ಎರಡು ಸಣ್ಣ ವಿಷಯ. ಫ್ರಿಡ್ಜ್ ಮಲಗಿಸಿ ತಂದಿದ್ರೆ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಆಮೇಲೆ ಸ್ವಿಚ್ ಹಾಕಿ, ಕಂಪ್ರೆಸರ್ ಎಣ್ಣೆ ಜಾಗಕ್ಕೆ ಬರಬೇಕು. ಫ್ರಂಟ್ ಲೋಡ್ ಮಷೀನ್ ಹಿಂದೆ ಡ್ರಮ್ ಅಲ್ಲಾಡದ ಹಾಗೆ ಸಾಗಾಣಿಕೆ ಬೋಲ್ಟ್ ಹಾಕಿರ್ತಾರೆ, ಅದನ್ನ ತೆಗೆಯದೆ ಓಡಿಸಿದ್ರೆ ಮಷೀನ್ ಕುಣಿದು ಹಾಳಾಗುತ್ತೆ. ತೆಗೆದ ಬೋಲ್ಟ್ ಬಿಸಾಡಬೇಡಿ, ಬಾಡಿಗೆ ಮನೆ ಬದಲಾಯಿಸುವಾಗ ಬೇಕು. ಮತ್ತೆ, ಹಳೇ ಮನೆ ಬಾಗಿಲು ಅಳತೆ ಮಾಡಿದ್ದೀರಾ?

7/10

ವಾರಂಟಿ. "10 ವರ್ಷ ವಾರಂಟಿ" ಅಂತ ದಪ್ಪಕ್ಷರದಲ್ಲಿ ಇರುತ್ತಲ್ಲ, ಅದು ಸಾಮಾನ್ಯವಾಗಿ ಫ್ರಿಡ್ಜ್‌ಗೆ ಅಲ್ಲ, ಫ್ರಿಡ್ಜ್ ಒಳಗಿನ ಕಂಪ್ರೆಸರ್‌ಗೆ. ಮಷೀನ್‌ಗೆ ಅಲ್ಲ, ಮೋಟರ್‌ಗೆ. ಇಡೀ ವಸ್ತುವಿಗೆ ಇರೋದು ಹೆಚ್ಚಿನವಕ್ಕೆ ಒಂದೇ ವರ್ಷ. ಐದನೇ ವರ್ಷ ಕಂಪ್ರೆಸರ್ ಹೋದ್ರೆ ಕಂಪ್ರೆಸರ್ ಫ್ರೀ. ಗ್ಯಾಸ್ ತುಂಬೋದು, ಕೂಲಿ, ಬಂದು ಹೋದ ಚಾರ್ಜು, ಸಾಗಿಸೋ ಖರ್ಚು ಎಷ್ಟೋ ಕಾರ್ಡ್‌ಗಳಲ್ಲಿ ನಿಮ್ಮ ತಲೆ ಮೇಲೆ. ಕಂಪ್ರೆಸರ್‌ಗಿಂತ ಮೊದಲು ಹೋಗೋದು ಬೋರ್ಡು. ಆ ಬೋರ್ಡಿಗೆ 10 ವರ್ಷ ಅಂತ ಎಲ್ಲಾದ್ರೂ ಬರೆದಿದ್ಯಾ ನೋಡಿ.

ವಾರಂಟಿ ಕಾರ್ಡ್‌ನಲ್ಲಿ ಓದಬೇಕಾದ್ದು "ಏನು ಸೇರಿಲ್ಲ" ಅನ್ನೋ ಭಾಗ. ಅದು ನಮ್ಮೂರ ಬಗ್ಗೇನೇ ಬರೆದ ಹಾಗಿರುತ್ತೆ. ವೋಲ್ಟೇಜ್ ಏರುಪೇರಿನಿಂದ ಕೆಟ್ಟರೆ ಇಲ್ಲ. ಇಲಿ, ಹಲ್ಲಿ, ಇರುವೆಯಿಂದ ಕೆಟ್ಟರೆ ಇಲ್ಲ. ಗಡಸು ನೀರಿನಿಂದ ಉಪ್ಪು ಕಟ್ಟಿದ್ರೆ ಇಲ್ಲ. ಪ್ಲಾಸ್ಟಿಕ್, ರಬ್ಬರ್, ಗಾಜು ಇಲ್ಲ. ಚಿತ್ರದುರ್ಗ, ಕೋಲಾರದ ಕಡೆ ಬೋರ್‌ವೆಲ್ ನೀರು ಹೇಗಿರುತ್ತೆ ಅಂತ ಅಲ್ಲಿಯವರಿಗೆ ಹೇಳಬೇಕಾಗಿಲ್ಲ, ಸ್ನಾನದ ಬಕೆಟ್ ನೋಡಿದ್ರೆ ಸಾಕು, ಬಿಳಿ ಪದರ. ಅದೇ ಪದರ ವಾಷಿಂಗ್ ಮಷೀನ್ ಹೀಟರ್ ಮೇಲೂ ಕೂರುತ್ತೆ. ಅಂಥ ನೀರಿರೋ ಮನೆಗೆ ಹೀಟರ್ ಇಲ್ಲದ ಟಾಪ್ ಲೋಡೇ ಮೇಲು ಅಂತ ನನ್ನ ಅಭಿಪ್ರಾಯ, ರೀಲ್ಸ್‌ನಲ್ಲಿ ಏನೇ ಹೇಳಲಿ. ಸಂಜೆ ಹೊತ್ತು ಬಲ್ಬ್ ಮಂಕಾಗೋ ಊರಾದ್ರೆ, ಫ್ರಿಡ್ಜ್ ಎಷ್ಟು ವೋಲ್ಟ್‌ವರೆಗೆ ಸ್ಟೆಬಿಲೈಸರ್ ಇಲ್ಲದೆ ತಡೆಯುತ್ತೆ ಅನ್ನೋ ಅಂಕಿ ನೋಡಿ, ಅನುಮಾನ ಇದ್ರೆ ಸ್ಟೆಬಿಲೈಸರ್ ದುಡ್ಡನ್ನೂ ಫ್ರಿಡ್ಜ್ ರೇಟಿಗೇ ಸೇರಿಸಿ ಲೆಕ್ಕ ಹಾಕಿ.

ಇನ್ನೊಂದು ಸಾಲು: ಮನೆ ಬಳಕೆಗೆ ಮಾತ್ರ. ಅಪ್ಪನ ಬೇಕರಿಗೆ, ಅತ್ತೆ ನಡೆಸೋ ಮೆಸ್‌ಗೆ, ಪಿಜಿಗೆ ಅಂತ ಮನೆ ಫ್ರಿಡ್ಜ್ ತಗೊಂಡ್ರೆ ವಾರಂಟಿ ಕಮ್ಮಿಯಾಗುತ್ತೆ ಅಥವಾ ಇರೋದೇ ಇಲ್ಲ. ತಗೊಳ್ಳೋ ಮುಂಚೆಯೇ ಕೇಳಿ, ಉತ್ತರವನ್ನ ಬರಹದಲ್ಲಿ ತಗೊಳ್ಳಿ.

ಎಕ್ಸ್‌ಟೆಂಡೆಡ್ ವಾರಂಟಿ ಬೇಕಾ ಅಂತ ಡಿಎಂನಲ್ಲಿ ತುಂಬಾ ಜನ ಕೇಳ್ತೀರಿ. ಮೊದಲು ಅದನ್ನ ಕೊಡ್ತಿರೋದು ಯಾರು ನೋಡಿ. ಮಷೀನ್ ಮಾಡಿದ ಕಂಪನಿಯೇ ಕೊಟ್ರೆ ಒಂದು ಲೆಕ್ಕ, ಮೂರನೇಯವರ ಪ್ಲಾನ್ ಆದ್ರೆ ಬೇರೆ ಲೆಕ್ಕ. ಆಗ ಬರೋದು ಬೇರೆ ಮೆಕ್ಯಾನಿಕ್ಕು, ಸವಕಳಿ ಅಂತ ಕಳೆಯೋದೂ ಉಂಟು. ಸಾದಾ ಒಂದು ಬಾಗಿಲಿನ ಫ್ರಿಡ್ಜ್‌ಗೆ ನಾನಂತೂ ಕೊಡಲ್ಲ. ದೊಡ್ಡ ಟಿವಿ, ಫ್ರಂಟ್ ಲೋಡ್‌ಗೆ ಕಂಪನಿಯದ್ದೇ ಆದ್ರೆ ಯೋಚಿಸಬಹುದು.

8/10

ಬಿಲ್ಲು. ಚಿಕ್ಕ ಪೋಸ್ಟು, ಆದ್ರೆ ಸೇವ್ ಮಾಡ್ಕೊಳ್ಳಿ.

"ಬಿಲ್ ಬೇಡ ಅಂದ್ರೆ ಸಾವಿರ ಕಮ್ಮಿ ಮಾಡ್ತೀನಿ" ಅನ್ನೋ ಅಂಗಡಿಯವರಿಗೆ ನಮಸ್ಕಾರ ಹೇಳಿ ಹೊರಗೆ ಬನ್ನಿ. ಬಿಲ್ ಇಲ್ಲ ಅಂದ್ರೆ ವಾರಂಟಿ ಇಲ್ಲ, ನಾಳೆ ದೂರು ಕೊಡೋಕೆ ಕೈಯಲ್ಲಿ ಏನೂ ಇಲ್ಲ. ಬಿಲ್ ಕೊಡದೇ ಇರೋದನ್ನ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತಲೇ ಕರೆಯುತ್ತೆ. ಕೌಂಟರ್ ಹಿಂದೆ ಬೋರ್ಡ್ ಇರುತ್ತಲ್ಲ, "ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ" ಅಂತ? ಬಣ್ಣ ಇಷ್ಟ ಆಗ್ಲಿಲ್ಲ ಅಂದ್ರೆ ಆ ಬೋರ್ಡ್ ಸರಿ. ದೋಷ ಇರೋ ಮಾಲಿಗೆ ಅದು ನಡೆಯಲ್ಲ. ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ರೆ 30 ದಿನದೊಳಗೆ, ವಾಪಸ್ ತಗೊಳ್ಳಲ್ಲ ಅನ್ನೋದೂ ಅದೇ ಕಾಯ್ದೆಯಲ್ಲಿ ಅನುಚಿತ ಪದ್ಧತಿ.

ಮಾವನ ಅಂಗಡಿ ಜಿಎಸ್‌ಟಿ ನಂಬರ್ ಹಾಕಿ ಬಿಲ್ ಮಾಡಿಸೋ ಬುದ್ಧಿವಂತರು ನಮ್ಮ ಬ್ಯಾಚ್‌ನಲ್ಲೂ ಇದ್ದಾರೆ. ಮನೆ ಫ್ರಿಡ್ಜನ್ನ ವ್ಯಾಪಾರದ ಲೆಕ್ಕಕ್ಕೆ ತೋರಿಸೋದೇ ತಪ್ಪು. ಮೇಲೆ, ವ್ಯಾಪಾರಕ್ಕೆ ಅಂತ ಕೊಂಡವರು ಸಾಮಾನ್ಯವಾಗಿ ಗ್ರಾಹಕ ಕಾಯ್ದೆಯ "ಗ್ರಾಹಕ" ಆಗಲ್ಲ. ಸ್ವಂತ ಜೀವನೋಪಾಯಕ್ಕೆ ಕೊಂಡವರಿಗೆ ಮಾತ್ರ ವಿನಾಯಿತಿ. ಎದುರಿನವರ ವಕೀಲರಿಗೆ ಮೊದಲ ಪಾಯಿಂಟ್ ನೀವೇ ಬರೆದುಕೊಟ್ಟ ಹಾಗೆ.

ಅಂಗಡಿ ಬಿಲ್ ಎಷ್ಟೋ ಸಲ ಶಾಖದಲ್ಲಿ ಅಚ್ಚಾಗೋ ನುಣ್ಣನೆ ಪೇಪರ್. ಒಂದು ಬೇಸಿಗೆಗೆ ಅಕ್ಷರ ಮಾಯ. ಅವತ್ತೇ ಫೋಟೋ ತೆಗೆದು, ಮಷೀನ್ ಹಿಂದಿನ ಸೀರಿಯಲ್ ನಂಬರ್ ಫೋಟೋ ಜೊತೆ, ಫ್ಯಾಮಿಲಿ ಗ್ರೂಪ್‌ಗೆ ಹಾಕಿ ಪಿನ್ ಮಾಡಿ. ಎಕ್ಸ್‌ಚೇಂಜ್‌ನಲ್ಲಿ ಹಳೇದು ಕೊಟ್ಟಿದ್ರೆ ಅದಕ್ಕೆ ಎಷ್ಟು ಕಳೆದಿದ್ದಾರೆ ಅಂತಲೂ ಬಿಲ್‌ನಲ್ಲಿ ಇರಲಿ.

9/10

ಹಾಗಾದ್ರೆ ಆನ್‌ಲೈನ್ ಬೇಡ್ವಾ? ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಕೆಟಲ್, ಫ್ಯಾನ್, ಇಂಥ ಕೈಯಲ್ಲಿ ಹಿಡ್ಕೊಂಡು ಬಸ್‌ನಲ್ಲಿ ಒಯ್ಯಬಹುದಾದ್ದನ್ನ ಧಾರಾಳವಾಗಿ ಆನ್‌ಲೈನ್ ತಗೊಳ್ಳಿ. ಕೆಟ್ಟರೆ ಚೀಲಕ್ಕೆ ಹಾಕ್ಕೊಂಡು ಹೋಗಬಹುದು. ಬೆಂಗಳೂರಿನಲ್ಲೇ ಇರೋ ನಿಮ್ಮ ರೂಮಿಗೆ ಫ್ರಿಡ್ಜ್ ಬೇಕು ಅಂದ್ರೂ ಸರಿ, ಸರ್ವಿಸ್‌ನವರು ಹತ್ತಿರ ಇದ್ದಾರೆ, ನೀವೇ ಬಾಗಿಲು ತೆಗೀತೀರಿ.

ಊರಿಗೆ ಕಳಿಸೋ ದೊಡ್ಡ ಸಾಮಾನು ಮಾತ್ರ ಊರಲ್ಲೇ ತಗೊಳ್ಳಿ ಅನ್ನೋದು ನನ್ನ ಅಭಿಪ್ರಾಯ. ತಾಲ್ಲೂಕು ಅಂಗಡಿಯವರು ಸಾಧುಗಳು ಅಂತಲ್ಲ. ಅವರೂ ಹಳೇ ಪೀಸ್ ದಾಟಿಸ್ತಾರೆ, ಶೋರೂಮ್‌ನಲ್ಲಿ ಇಟ್ಟದ್ದನ್ನ ಒರೆಸಿ ಹೊಸದು ಅಂತಾರೆ, ಬೇಡದ ಪ್ಲಾನ್ ತಲೆಗೆ ಕಟ್ತಾರೆ. ಆದ್ರೆ ಅವರಿಗೆ ಒಂದು ವಿಳಾಸ ಇದೆ. ಸಂತೆ ದಿನ ಅಪ್ಪ ಅಂಗಡಿ ಮುಂದೆ ಹೋಗಿ "ಏನಪ್ಪಾ, ನಿನ್ನ ಮಷೀನ್ ತಿರುಗ್ತಾನೇ ಇಲ್ಲ" ಅಂತ ನಾಲ್ಕು ಜನರ ಎದುರು ಹೇಳಬಹುದು. ಮುಂದಿನ ಮದುವೆಗೆ ಬೀರು, ಮಂಚ, ಟಿವಿ ಇಲ್ಲೇ ತಗೊಳ್ತಾರೆ ಅಂತ ಅವನಿಗೆ ಗೊತ್ತು. ಆ ಮುಲಾಜು ಯಾವ ಆ್ಯಪ್‌ನಲ್ಲೂ ಸಿಗಲ್ಲ. ಅಂಗಡಿ ಹುಡುಗನೇ ಆಟೋದಲ್ಲಿ ತಂದು, ಮೂಲೆಗೆ ಸರಿಸಿ, ಪ್ಲಗ್ ಹಾಕಿ, ಹೇಗೆ ಓಡಿಸೋದು ಅಂತ ಕನ್ನಡದಲ್ಲಿ ಅಮ್ಮನಿಗೆ ಹೇಳಿ ಕಾಫಿ ಕುಡಿದು ಹೋಗ್ತಾನೆ.

ಆನ್‌ಲೈನ್ ರೇಟ್ ಸುಮ್ನೆ ಬಿಡಬೇಡಿ. ಫೋನ್ ತೋರಿಸಿ, ಮಾಡೆಲ್ ನಂಬರ್ ಸಮೇತ. ಪೂರ್ತಿ ಇಳಿಸದೇ ಇದ್ರೂ ಅರ್ಧ ದಾರಿ ಬರ್ತಾರೆ. "ಕೊನೇ ರೇಟ್ ಹೇಳಿ ಅಣ್ಣ" ಅನ್ನೋಕೆ ನಮಗೆ ನಾಚಿಕೆ, ಅಮ್ಮನಿಗೆ ಇಲ್ಲ. ಚೌಕಾಸಿ ಅವರಿಗೆ ಬಿಟ್ಟುಬಿಡಿ, ದುಡ್ಡು ನೀವು ಹಾಕಿ. ಯಾವ ಬಣ್ಣ ಅಂತ ಅವರೇ ಮುಟ್ಟಿ ನೋಡಿ ಆರಿಸ್ತಾರೆ. ನಾವು ಸರ್‌ಪ್ರೈಸ್ ಅಂತ ಕಳಿಸೋ ಎಷ್ಟೋ ಸಾಮಾನು ಅವರಿಗೆ ಸರಿಹೋಗದೇ ಇದ್ರೂ "ಚೆನ್ನಾಗಿದೆ ಕಣೋ" ಅಂತಾರೆ, ಗೊತ್ತಲ್ಲ.

ತಗೊಳ್ಳೋ ಮುಂಚೆ ಇನ್ನೊಂದು ಕೆಲಸ. ಆ ಕಂಪನಿಯ ಸರ್ವಿಸ್ ಸೆಂಟರ್ ತಾಲ್ಲೂಕಿನಲ್ಲಿ ಇದೆಯಾ, ಜಿಲ್ಲಾ ಕೇಂದ್ರದಲ್ಲಿದೆಯಾ ಅಂತ ಪಕ್ಕದ ಬೀದಿಯಲ್ಲಿ ಅದೇ ಕಂಪನಿಯದ್ದು ಇಟ್ಟುಕೊಂಡವರನ್ನ ಕೇಳಿಸಿ. ವೆಬ್‌ಸೈಟ್‌ನಲ್ಲಿ ಎಲ್ಲ ಪಿನ್‌ಕೋಡ್‌ಗೂ "ಸೇವೆ ಲಭ್ಯ" ಅಂತಲೇ ಇರುತ್ತೆ.

10/10

ಆಗಲೇ ಕೆಟ್ಟಿದೆ, ಆಗಲೇ ಓಡಾಡ್ತಿದ್ದೀರಿ ಅಂತ ಡಿಎಂ ಮಾಡಿದವರಿಗೆ ಇದು.

ಫೋನ್‌ನಲ್ಲಿ ಜಗಳ ಆಡಿ ಸುಸ್ತಾಗಬೇಡಿ, ಬರಹದಲ್ಲಿ ಹೋಗಿ. ಪ್ರತಿ ಇ-ಕಾಮರ್ಸ್ ಕಂಪನಿಯೂ ಕುಂದುಕೊರತೆ ಅಧಿಕಾರಿ ಯಾರು ಅಂತ ತನ್ನ ಸೈಟ್‌ನಲ್ಲಿ ಹಾಕಲೇಬೇಕು, ಸಾಮಾನ್ಯವಾಗಿ ಪೇಜ್‌ನ ತೀರಾ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತೆ. ಆ ಅಧಿಕಾರಿಗೆ ಇಮೇಲ್ ಮಾಡಿ: ತಾರೀಖು ಪ್ರಕಾರ ಏನಾಯ್ತು, ಫೋಟೋ, ಬಿಲ್, ಕಂಪ್ಲೇಂಟ್ ನಂಬರ್‌ಗಳು, ನಿಮಗೆ ಬೇಕಾದ್ದು ಬದಲಿ ಮಾಲೋ ದುಡ್ಡೋ. 48 ಗಂಟೆಯಲ್ಲಿ ದೂರು ಬಂತು ಅಂತ ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು, ನಿಯಮ ಹಾಗೇ ಹೇಳುತ್ತೆ. ದೋಷ ಇರೋ ಮಾಲು, ಜಾಹೀರಾತಿನಲ್ಲಿ ಹೇಳಿದ ಹಾಗಿಲ್ಲದ ಮಾಲು ವಾಪಸ್ ತಗೊಳ್ಳಲ್ಲ ಅಂತ ಅಲ್ಲಿನ ಮಾರಾಟಗಾರ ಹೇಳೋ ಹಾಗಿಲ್ಲ. ಹಿರಿಯೂರಿನ ಕೇಸ್‌ನಲ್ಲಿ 29 ದಿನ ಫೋನ್‌ನಲ್ಲೇ ಕಳೀತು. ಬರಹದಲ್ಲಿ ದೂರು ಹೋದ ಮೇಲೆ ಒಂಬತ್ತು ದಿನಕ್ಕೆ ಹೊಸ ಮಷೀನ್ ಬಂತು.

ಜೊತೆಗೆ 1915. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡೋರಲ್ಲ, ನಿಮ್ಮ ದೂರನ್ನ ಕಂಪನಿಗೆ ಮುಟ್ಟಿಸಿ ಬೆನ್ನು ಹತ್ತುತ್ತಾರೆ. ಎಷ್ಟೋ ಸಲ ಅಷ್ಟಕ್ಕೇ ಬಗ್ತಾರೆ.

ಬಗ್ಗದಿದ್ರೆ ಜಿಲ್ಲಾ ಗ್ರಾಹಕರ ಆಯೋಗ. ಇದಕ್ಕೆ ಹೆದರೋದು ಬೇಡ. ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ರೆ ಶುಲ್ಕ ಸೊನ್ನೆ. ವಕೀಲರು ಇರಲೇಬೇಕು ಅಂತಿಲ್ಲ. ಮುಖ್ಯವಾದ್ದು: ಕಂಪನಿ ಗುರುಗ್ರಾಮದಲ್ಲಿದ್ರೂ ಕೇಸ್ ಹಾಕೋದು ನೀವು ವಾಸ ಇರೋ ಅಥವಾ ಕೆಲಸ ಮಾಡೋ ಜಿಲ್ಲೆಯಲ್ಲಿ. ಮೊದಲು ಇ-ದಾಖಿಲ್ ಅಂತ ಇದ್ದ ಆನ್‌ಲೈನ್ ವ್ಯವಸ್ಥೆ 2025ರ ಜನವರಿ 1ರಿಂದ ಇ-ಜಾಗೃತಿ ಆಗಿದೆ, ಅಲ್ಲೇ ಅರ್ಜಿ ಹಾಕಬಹುದು. ತೊಂದರೆ ಶುರುವಾದಾಗಿಂದ ಎರಡು ವರ್ಷದೊಳಗೆ ಹಾಕಬೇಕು. ಮಾಲನ್ನ ಪರೀಕ್ಷೆಗೆ ಕಳಿಸಬೇಕಾಗಿಲ್ಲ ಅಂದ್ರೆ 3 ತಿಂಗಳಲ್ಲಿ ಮುಗಿಸೋ ಪ್ರಯತ್ನ ಮಾಡಬೇಕು ಅಂತ ಕಾಯ್ದೆ ಹೇಳುತ್ತೆ. ಪ್ರಯತ್ನ ಅನ್ನೋ ಪದ ಗಮನಿಸಿ, ನಿಜದಲ್ಲಿ ಹೆಚ್ಚು ಹಿಡಿಯುತ್ತೆ.

ಒಂದು ಕೆಲಸ ಈ ವಾರಾಂತ್ಯ ಊರಿಗೆ ಹೋದಾಗ ಮಾಡಿ. ಮನೇಲಿರೋ ಫ್ರಿಡ್ಜ್, ಟಿವಿ, ಮಷೀನ್ ಬಿಲ್‌ಗಳು ದೇವರ ಮನೆ ಡ್ರಾಯರ್‌ನಲ್ಲೋ, ಬೀರುವಿನ ಸೀರೆ ಕೆಳಗೋ ಇರುತ್ತೆ. ಹುಡುಕಿ ಫೋಟೋ ತೆಗೀರಿ. 1915 ಅನ್ನೋದನ್ನ ಅಮ್ಮನ ಫೋನ್‌ನಲ್ಲಿ ಕನ್ನಡದಲ್ಲೇ ಹೆಸರು ಹಾಕಿ ಸೇವ್ ಮಾಡಿಕೊಡಿ. ನಿಮ್ಮ ತಾಲ್ಲೂಕಿನಲ್ಲಿ ಯಾವ ಸಾಮಾನಿಗೆ ಸರ್ವಿಸ್‌ನವರು ಎಷ್ಟು ದಿನಕ್ಕೆ ಬಂದ್ರು, ಎಲ್ಲಿಂದ ಬಂದ್ರು ಅಂತ ಕಾಮೆಂಟ್‌ನಲ್ಲಿ ಊರಿನ ಹೆಸರು ಸಮೇತ ಬರೀರಿ. ನಾನು ಜಿಲ್ಲಾವಾರು ಜೋಡಿಸಿ ಹೈಲೈಟ್‌ನಲ್ಲಿ ಹಾಕ್ತೀನಿ, ದೀಪಾವಳಿ ಲಿಂಕ್‌ಗಳು ಶುರುವಾಗೋ ಮುಂಚೆ.

#ಊರಿಗೆಕಳಿಸೋಮುಂಚೆ #ಒಟಿಪಿಅಂದ್ರೆಸಹಿ #ವಾರಂಟಿಓದಿ #ಕನ್ನಡಕ್ಯಾಪ್ಶನ್